ಫ್ರಾಂಚೈಸಿ ಅಂಗಡಿಯಿಂದ ಲಾಭ ಏನು? ಗೋಕಾಕ, ಮೂಡಲಗಿ, ಹುಕ್ಕೇರಿ ವ್ಯಾಪಾರಸ್ಥರು ಸಹಿ ಮಾಡೋ ಮುಂಚೆ ತಿಳಿಯಬೇಕಾದ್ದು

ಗೋಕಾಕ: ಕಬ್ಬಿನ ಬಿಲ್ಲು ಖಾತೆಗೆ ಬಿದ್ದ ಮೇಲೆ, ಇಲ್ಲಾ ರಸ್ತೆ ಪಕ್ಕದ ಹೊಲದ ತುಂಡೊಂದು ಮಾರಿದ ಮೇಲೆ, ನಮ್ಮ ಕಡೆ ಮನೆಗಳಲ್ಲಿ ಬರೋ ಮಾತು ಒಂದೇ: ಹುಡುಗನಿಗೆ ಒಂದು ಅಂಗಡಿ ಹಾಕಿಕೊಡೋಣ. ಮೊದಲೆಲ್ಲ ಅದು ಕಿರಾಣಿ, ಬಟ್ಟೆ ಇಲ್ಲಾ ಗೊಬ್ಬರದ ಅಂಗಡಿ ಆಗಿರ್ತಿತ್ತು. ಈಗ ಮೊಬೈಲ್ ತೆರೆದರೆ ಸಾಕು, ಚಹಾ, ಐಸ್‌ಕ್ರೀಂ, ಪಿಜ್ಜಾ, ಕನ್ನಡಕ, ಕೊರಿಯರ್, ನರ್ಸರಿ ಶಾಲೆ ಎಲ್ಲದಕ್ಕೂ 'ಫ್ರಾಂಚೈಸಿ ತಗೊಳ್ಳಿ' ಅನ್ನೋ ಜಾಹೀರಾತು. ಐದು ಲಕ್ಷದಿಂದ ಐವತ್ತು ಲಕ್ಷದ ತನಕ ಕೇಳ್ತಾರೆ. ಹೊಲದ ರೊಕ್ಕ ಒಂದೇ ಸಲ ಬರ್ತದೆ, ಹೋದರೆ ತಿರುಗಿ ಬರಲ್ಲ. ಹಾಗಾಗಿ ಇದರಲ್ಲಿ ನಿಜವಾದ ಲಾಭ ಏನು, ಅದು ಎಲ್ಲಿ ಸೋರಿ ಹೋಗ್ತದೆ ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ಫ್ರಾಂಚೈಸಿ ಅಂದ್ರೆ ಏನು ಕೊಳ್ತೀರಿ?

ಅಂಗಡಿ ನಿಮ್ಮದು, ಬಾಡಿಗೆ ನಿಮ್ಮದು, ಕೆಲಸಗಾರರು ನಿಮ್ಮವರು. ಬೋರ್ಡಿನ ಮೇಲಿನ ಹೆಸರು, ಮಾಲು ಮಾಡೋ ರೀತಿ, ಸಪ್ಲೈ ಕಂಪನಿಯದ್ದು. ಆ ಹೆಸರು ಬಳಸೋಕೆ ಮೊದಲು ಒಂದು ಶುಲ್ಕ ಕಟ್ಟಬೇಕು, ಆಮೇಲೆ ತಿಂಗಳಾ ತಿಂಗಳಾ ವ್ಯಾಪಾರದಲ್ಲಿ ಇಷ್ಟು ಪರ್ಸೆಂಟ್ ಅಂತ ರಾಯಲ್ಟಿ. ಕೆಲವು ಕಂಪನಿಗಳು ರಾಯಲ್ಟಿ ಬೇಡ ಅಂತಾವೆ, ಆದರೆ ತಾವು ಕಳಿಸೋ ಪುಡಿ, ಸಾಸು, ಕಪ್ಪಿನ ದರದಲ್ಲೇ ತಮ್ಮ ಲಾಭ ಇಟ್ಟುಕೊಂಡಿರ್ತಾವೆ. ಎರಡೂ ಒಂದೇ.

ಹೆಸರಿಗೆ ಬೆಲೆ ಇರೋದು ಸುಳ್ಳಲ್ಲ. ಹೊಸ ಅಂಗಡಿ ಹಾಕಿದವನು ಗಿರಾಕಿಯ ನಂಬಿಕೆ ಗಳಿಸೋಕೆ ವರ್ಷಗಟ್ಟಲೆ ಕೂರಬೇಕು. ಗೊತ್ತಿರೋ ಹೆಸರಿದ್ದರೆ ಮೊದಲ ದಿನವೇ ಜನ ಒಳಗೆ ಬರ್ತಾರೆ. ಮೆಷಿನ್ ಯಾವುದು ತಗೋಬೇಕು, ಎಷ್ಟು ಸ್ಟಾಕ್ ಇಡಬೇಕು, ದರ ಎಷ್ಟು ಹಾಕಬೇಕು ಅನ್ನೋದನ್ನ ಬೇರೆಯವರು ತಪ್ಪು ಮಾಡಿ ಮಾಡಿ ಕಲಿತಿರ್ತಾರೆ, ಆ ಪಾಠ ನಿಮಗೆ ತಯಾರಾಗಿ ಸಿಗ್ತದೆ. ಬ್ಯಾಂಕಿನವರಿಗೂ ಗೊತ್ತಿರೋ ಬ್ರ್ಯಾಂಡ್ ಅಂದ್ರೆ ಪ್ರಾಜೆಕ್ಟ್ ರಿಪೋರ್ಟ್ ನಂಬೋದು ಸುಲಭ. ಮುದ್ರಾ ಯೋಜನೆಯಲ್ಲಿ ಅಡಮಾನ ಇಲ್ಲದೆ 10 ಲಕ್ಷದ ತನಕ ಸಾಲ ಇದೆ, ಹಿಂದಿನ ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದ ತನಕ. ಇನ್ನೊಂದು ಲಾಭ ಯಾರೂ ಹೇಳಲ್ಲ: ಕಂಪನಿ ನಿಯಮ ಅಂತ ಹೇಳಿ ಉದ್ರಿ ಕೇಳೋರಿಗೆ ಇಲ್ಲ ಅನ್ನಬಹುದು. ಸ್ವಂತ ಅಂಗಡಿಯಲ್ಲಿ ಕೂತು ಬೀಗರಿಗೆ ಇಲ್ಲ ಅನ್ನೋದು ಎಷ್ಟು ಕಷ್ಟ ಅಂತ ಪೇಟೆಯವರಿಗೆ ಗೊತ್ತೇ ಇದೆ.

ಆದರೆ ಪ್ರಶ್ನೆ ಏನಂದ್ರೆ, ಆ ಹೆಸರು ಬೆಂಗಳೂರಿನಲ್ಲಿ ಓಡ್ತದೆ ಅಂದಮಾತ್ರಕ್ಕೆ ಮೂಡಲಗಿಯಲ್ಲಿ ಓಡ್ತದಾ? ಕಂಪನಿಯ ಹೆಸರು ಹೇಳಿ ನಿಮ್ಮ ಓಣಿಯ ಹತ್ತು ಮಂದಿಯನ್ನ ಕೇಳಿ. ಏಳು ಮಂದಿಗೆ ಗೊತ್ತಿಲ್ಲ ಅಂದ್ರೆ ನೀವು ಹೆಸರು ಕೊಳ್ತಿಲ್ಲ, ಅವರ ಹೆಸರನ್ನ ನಿಮ್ಮ ರೊಕ್ಕದಲ್ಲಿ ಊರಿಗೆ ಪರಿಚಯ ಮಾಡಿಸ್ತಿದ್ದೀರಿ.

ಲೆಕ್ಕ ಹಾಕಿ ನೋಡಿ

ಒಂದು ಚಹಾ-ತಿಂಡಿ ಫ್ರಾಂಚೈಸಿ ಅಂತ ಹಿಡಿಯೋಣ. ಇದು ಯಾವ ಕಂಪನಿಯ ಲೆಕ್ಕವೂ ಅಲ್ಲ, ತಿಳಿಯೋಕೆ ಹಾಕಿದ ಲೆಕ್ಕ. ಒಟ್ಟು 8 ಲಕ್ಷ ಸಾಲ, ಶೇ. 11 ಬಡ್ಡಿ, 5 ವರ್ಷ. ಕಂತು ತಿಂಗಳಿಗೆ ಸುಮಾರು 17,400 ರೂಪಾಯಿ. ಮಳಿಗೆ ಬಾಡಿಗೆ 15,000, ಇಬ್ಬರು ಹುಡುಗರ ಪಗಾರ 24,000, ಕರೆಂಟ್ 6,000, ಗ್ಯಾಸು-ಪಾರ್ಸಲ್ ಕವರು-ಚಿಲ್ಲರೆ ಖರ್ಚು 8,000. ಅಂಗಡಿ ತೆರೆದರೂ ಮುಚ್ಚಿದರೂ ಇಷ್ಟು ಹೋಗ್ತದೆ ಅಂತ ಇಟ್ಟುಕೊಳ್ಳಿ. ಇದರ ಮೇಲೆ ವ್ಯಾಪಾರದ ಶೇ. 55 ಮಾಲಿಗೆ, ಶೇ. 5 ರಾಯಲ್ಟಿಗೆ.

ದಿನಕ್ಕೆ 6,000 ವ್ಯಾಪಾರ ಆದರೆ ತಿಂಗಳಿಗೆ 1,80,000. ಎಲ್ಲಾ ಕಳೆದು, ತೆರಿಗೆ ಕೊಟ್ಟು, ಉಳಿಯೋದು 9,000ದ ಒಳಗೆ. ಅದರಲ್ಲಿ ಬ್ಯಾಂಕಿನ ಕಂತು 17,400 ಕಟ್ಟಬೇಕು. ಅಂದ್ರೆ ದಿನವಿಡೀ ನಿಂತು ದುಡಿದು ತಿಂಗಳಿಗೆ ಎಂಟೂವರೆ ಸಾವಿರ ಕೈಯಿಂದ ಹಾಕಿದಂಗಾಯ್ತು. ಅದೇ ದಿನಕ್ಕೆ 9,000 ವ್ಯಾಪಾರ ಆದರೆ ಕಂತು ಕಟ್ಟಿದ ಮೇಲೆ ಸುಮಾರು 22,000 ಉಳೀತದೆ. ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನೋ ಗೆರೆ ಇರೋದು ದಿನಕ್ಕೆ 6,850ರ ಆಸುಪಾಸಿನಲ್ಲಿ. ಒಬ್ಬ ಗಿರಾಕಿ 40 ರೂಪಾಯಿ ಖರ್ಚು ಮಾಡ್ತಾನೆ ಅಂದ್ರೆ ದಿನಾ 170 ಮಂದಿ ಬರಬೇಕು. ಮಳೆ ಇದ್ದರೂ, ಅಮವಾಸ್ಯೆ ಇದ್ದರೂ. ಸಹಿ ಮಾಡೋ ಮುಂಚೆ ಆ ಜಾಗದ ಎದುರು ಒಂದು ವಾರ ಬೆಳಗ್ಗೆಯಿಂದ ರಾತ್ರಿ ತನಕ ಕೂತು ಎಣಿಸಿದರೆ ಸಾಕು, ಯಾವ ಕನ್ಸಲ್ಟಂಟೂ ಬೇಡ.

ಇದರಲ್ಲಿ ಒಂದು ಗುಟ್ಟು ಇದೆ. ಫ್ರಾಂಚೈಸಿ ಶುಲ್ಕ ಮತ್ತು ರಾಯಲ್ಟಿ ಮೇಲೆ ಶೇ. 18 ಜಿಎಸ್‌ಟಿ ಬೀಳ್ತದೆ. ಬಟ್ಟೆ, ಕನ್ನಡಕದ ಅಂಗಡಿಯವರು ರೆಗ್ಯುಲರ್ ಜಿಎಸ್‌ಟಿಯಲ್ಲಿದ್ದರೆ ಅದನ್ನ ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಆದರೆ ಹೋಟೆಲ್, ಚಹಾ ಅಂಗಡಿ ಶೇ. 5ರ ದರದಲ್ಲಿ ಇರೋದರಿಂದ ಅವರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗಲ್ಲ. 4 ಲಕ್ಷ ಶುಲ್ಕ ಅಂದ್ರೆ 72,000 ಜಿಎಸ್‌ಟಿ ಸೇರಿಸಿ 4,72,000, ಅಷ್ಟೂ ನಿಮ್ಮ ಜೇಬಿನದ್ದೇ. ಕಂಪನಿಯ ಏಜೆಂಟ್ ತೋರಿಸೋ ಲೆಕ್ಕದ ಹಾಳೆಯಲ್ಲಿ ಈ ಸಾಲು ಇದೆಯಾ ಅಂತ ಮೊದಲು ನೋಡಿ. 2025ರ ಜುಲೈನಲ್ಲಿ ಯುಪಿಐ ವ್ಯವಹಾರ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಿದ್ದು ಎಲ್ಲರಿಗೂ ನೆನಪಿದೆ, ಫ್ರಾಂಚೈಸಿಯಲ್ಲಿ ಬಿಲ್ಲಿಂಗ್ ಎಲ್ಲಾ ಕಂಪನಿಯ ಸಾಫ್ಟ್‌ವೇರಿನಲ್ಲೇ ಇರೋದರಿಂದ ವ್ಯಾಪಾರ ಮುಚ್ಚಿಡೋ ಮಾತೇ ಇಲ್ಲ.

ಇಲ್ಲಿನ ಪೇಟೆ ಬೇರೆ

ಬೆಂಗಳೂರಿನ ಗಿರಾಕಿಗೆ ತಿಂಗಳಿಗೊಮ್ಮೆ ಪಗಾರ ಬರ್ತದೆ. ನಮ್ಮ ಮೂರೂ ತಾಲ್ಲೂಕುಗಳ ಪೇಟೆ ನಡೆಯೋದು ಕಬ್ಬಿನ ಮೇಲೆ. ಕಾರ್ಖಾನೆಗೆ ಕಬ್ಬು ಕಳಿಸಿದ 14 ದಿನದೊಳಗೆ ಬಿಲ್ಲು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳ್ತದೆ, ಬಿಲ್ಲು ತಡ ಆದರೆ ಅಂಗಡಿಯ ಗಲ್ಲಾ ಒಣಗ್ತದೆ ಅಂತ ಇಲ್ಲಿನ ಪ್ರತಿ ವ್ಯಾಪಾರಿಗೂ ಗೊತ್ತು. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನ ದರಕ್ಕಾಗಿ ರೈತರು ರಸ್ತೆಯಲ್ಲೇ ಕೂತರು. ಸರ್ಕಾರ ಟನ್ನಿಗೆ 3,300 ರೂಪಾಯಿ ಅಂತ ಹೇಳೋ ತನಕ ರೈತರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅಂಥಾ ವಾರದಲ್ಲಿ ಪಿಜ್ಜಾ ತಿನ್ನೋಕೆ ಯಾರು ಬರ್ತಾರೆ? ಆದರೆ ತಿಂಗಳಿಗೆ ಕನಿಷ್ಠ ಇಷ್ಟು ಮಾಲು ಎತ್ತಲೇಬೇಕು ಅನ್ನೋ ಷರತ್ತು ಎಷ್ಟೋ ಕರಾರಿನಲ್ಲಿ ಇರ್ತದೆ. ಅದು ತಿಂಗಳ ಲೆಕ್ಕ ಆಗಬಾರದು, ವರ್ಷದ ಲೆಕ್ಕ ಆಗಬೇಕು ಅಂತ ಇಲ್ಲಿನವರು ಪಟ್ಟು ಹಿಡಿದು ಕೇಳಬೇಕು.

ಗೋಕಾಕದವರಿಗೆ ಇನ್ನೊಂದು ಚಿಂತೆ, ನೀರಿನದ್ದು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ನದಿಗಳು ಉಕ್ಕಿ ಊರೊಳಗೆ ಬಂದಾಗ ಅಂಗಡಿಗಳೊಳಗೆ ನೀರು ನಿಂತಿತ್ತು. ಕಂಪನಿ ಹೇಳಿದ ಬಣ್ಣ, ಹೇಳಿದ ಪೀಠೋಪಕರಣ, ಹೇಳಿದ ಫ್ರೀಜರ್ ಹಾಕಿ ಆರೇಳು ಲಕ್ಷ ಸುರಿದ ಮೇಲೆ ನೀರು ಬಂದರೆ ಆ ನಷ್ಟ ಯಾರದ್ದು? ಕರಾರಿನಲ್ಲಿ ಬರೆಯದಿದ್ದರೆ ಪೂರ್ತಿ ಅಂಗಡಿಯವನದ್ದೇ. ಪ್ರವಾಹ ಸೇರಿಸಿದ ವಿಮೆ ಮಾಡಿಸಿ, ಅಂಗಡಿ ಬಂದ್ ಇದ್ದ ದಿನಗಳಿಗೆ ರಾಯಲ್ಟಿ ಮನ್ನಾ ಅಂತ ಬರೆಸಿಕೊಳ್ಳಿ.

ಹುಕ್ಕೇರಿ ಕಡೆಯ ಗೊಂದಲ ಏರಿಯಾದ್ದು. ಕರಾರಿನಲ್ಲಿ 'ಹುಕ್ಕೇರಿ' ಅಂತ ಬರೆದರೆ ಅದು ಪಟ್ಟಣವೋ, ತಾಲ್ಲೂಕೋ? ಸಂಕೇಶ್ವರ ಇರೋದು ಇದೇ ತಾಲ್ಲೂಕಿನಲ್ಲಿ, ಹೆದ್ದಾರಿ ಮೇಲೆ. ನಿಮಗೆ ಹುಕ್ಕೇರಿ ಕೊಟ್ಟು ಆರು ತಿಂಗಳಿಗೆ ಸಂಕೇಶ್ವರದಲ್ಲಿ ಇನ್ನೊಬ್ಬರಿಗೆ ಕೊಟ್ಟರೆ ಅರ್ಧ ಗಿರಾಕಿ ಆ ಕಡೆ. ಗೋಕಾಕ-ಘಟಪ್ರಭಾ-ಕೊಣ್ಣೂರಿನ ಕಥೆಯೂ ಇದೇ. ಇಷ್ಟು ಕಿಲೋಮೀಟರ್ ಒಳಗೆ ಬೇರೆಯವರಿಗೆ ಕೊಡಲ್ಲ ಅಂತ ಊರಿನ ಹೆಸರುಗಳನ್ನ ಹಾಕಿ ಬರೆಸಬೇಕು. ಇನ್ನು ಹುಕ್ಕೇರಿ ತಾಲ್ಲೂಕಿನಲ್ಲಿ ಕರೆಂಟ್ ಕೊಡೋದು 1969ರಲ್ಲಿ ಶುರುವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕಂಪನಿಯವರ ಫಾರಂನಲ್ಲಿ ಹೆಸ್ಕಾಂ ಅಂತ ಇರ್ತದೆ, ಫ್ರೀಜರ್ ಲೋಡು ಎಷ್ಟು ಬೇಕು ಅಂತ ಹಾಕಿ ಸಂಘದಲ್ಲೇ ಮೊದಲು ವಿಚಾರಿಸಿ.

ಬೋರ್ಡಿನ ವಿಷಯ ಮರೀಬೇಡಿ. 2024ರ ತಿದ್ದುಪಡಿ ಕಾಯ್ದೆ ಪ್ರಕಾರ ನಾಮಫಲಕದಲ್ಲಿ ಶೇ. 60 ಕನ್ನಡ ಇರಲೇಬೇಕು. ಕಂಪನಿ ಕಳಿಸೋ ಬೋರ್ಡು ಇಂಗ್ಲಿಷ್‌ನದ್ದೇ ಇರ್ತದೆ. ದಂಡ, ಲೈಸನ್ಸ್ ತೊಂದರೆ ಬರೋದು ಅಂಗಡಿಯವನಿಗೆ, ಕಂಪನಿಗೆ ಅಲ್ಲ. ಟ್ರೇಡ್ ಲೈಸನ್ಸ್ ಗೋಕಾಕದಲ್ಲಿ ನಗರಸಭೆಯದ್ದು, ಮೂಡಲಗಿ, ಹುಕ್ಕೇರಿ, ಸಂಕೇಶ್ವರದಲ್ಲಿ ಪುರಸಭೆಯದ್ದು.

ಕಡಿಮೆ ರೊಕ್ಕದ ಫ್ರಾಂಚೈಸಿಗಳೂ ಇವೆ

ಫ್ರಾಂಚೈಸಿ ಅಂದ ಕೂಡಲೇ ಪಿಜ್ಜಾ, ಬರ್ಗರ್ ನೆನಪಾಗ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಹೋಗಿ ಬಂದಿರೋ ಫ್ರಾಂಚೈಸಿ ಅಂದ್ರೆ ಗ್ರಾಮ ಒನ್. 2022ರಲ್ಲಿ ರಾಜ್ಯದಲ್ಲಿ ದೊಡ್ಡದಾಗಿ ಶುರುವಾದ ಈ ಕೇಂದ್ರಗಳನ್ನ ನಡೆಸೋರು ಸರ್ಕಾರಿ ನೌಕರರಲ್ಲ. ಸರ್ಕಾರದ ಕಾಗದದಲ್ಲೇ ಅವರ ಹೆಸರು 'ಫ್ರಾಂಚೈಸಿ'. ಜಾಗ, ಕಂಪ್ಯೂಟರ್ ಅವರದ್ದು, ಅರ್ಜಿಗೆ ಇಷ್ಟು ಅಂತ ಕಮಿಷನ್. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಈ ಕೇಂದ್ರಗಳ ಮುಂದೆ ಇದ್ದ ಪಾಳಿ ನೋಡಿದವರಿಗೆ ಹೆಸರಿನ ಬೆಲೆ ಏನು ಅಂತ ಬೇರೆ ಹೇಳಬೇಕಿಲ್ಲ. ಅದೇ ಹೊತ್ತಿನಲ್ಲಿ ಹೆಣ್ಣುಮಕ್ಕಳ ಹತ್ರ ಹಣ ವಸೂಲಿ ಮಾಡಿದ ಕೆಲವು ಕೇಂದ್ರಗಳ ಲಾಗಿನ್ ರಾಜ್ಯದ ಅಲ್ಲಲ್ಲಿ ಬಂದ್ ಆಯ್ತು. ಹೆಸರು ಕೊಟ್ಟವರು ಹೆಸರು ಕಿತ್ತುಕೊಳ್ಳಲೂಬಹುದು.

ಅಂಚೆ ಇಲಾಖೆಯದ್ದೂ ಫ್ರಾಂಚೈಸಿ ಯೋಜನೆ ಇದೆ. ಸ್ಪೀಡ್ ಪೋಸ್ಟ್ ಬುಕಿಂಗ್, ಸ್ಟಾಂಪು ಮಾರಾಟದಂಥ ಕೌಂಟರ್ ಕೆಲಸ ಮಾತ್ರ, ಮನೆಮನೆಗೆ ಹಂಚೋ ಕೆಲಸ ಇಲ್ಲ. ಇರೋ ಕಿರಾಣಿ ಅಂಗಡಿ, ಝೆರಾಕ್ಸ್ ಅಂಗಡಿಯಲ್ಲೇ ಒಂದು ಮೂಲೆ ಕೊಟ್ಟರೆ ಸಾಕು. ಡಿಪಾಜಿಟ್ ಸಾವಿರಗಳ ಲೆಕ್ಕದ್ದು, ಲಕ್ಷದ್ದಲ್ಲ. ಇದೊಂದರಿಂದಲೇ ಸಂಸಾರ ನಡೆಯಲ್ಲ, ಆದರೆ ಸ್ಪೀಡ್ ಪೋಸ್ಟ್ ಮಾಡೋಕೆ ಬಂದವನು ಝೆರಾಕ್ಸ್ ತೆಗೆಸ್ತಾನೆ, ಕವರ್ ಕೊಳ್ತಾನೆ. ಇದೇ ದಾರಿಯಲ್ಲಿ ಖಾಸಗಿ ಕೊರಿಯರ್‌ಗಳೂ ಇವೆ. 1990ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಡಿಟಿಡಿಸಿ ದೇಶ ತುಂಬಾ ಬೆಳೆದಿದ್ದು ಊರೂರಿನ ಫ್ರಾಂಚೈಸಿಗಳ ಬೆನ್ನ ಮೇಲೆಯೇ.

ಡಿ.ಫಾರ್ಮಾ, ಬಿ.ಫಾರ್ಮಾ ಓದಿ ಮನೆಯಲ್ಲಿ ಕೂತ ಮಕ್ಕಳು ಇದ್ದರೆ ಜನೌಷಧಿ ಕೇಂದ್ರ ನೋಡಬಹುದು. 120 ಚದರ ಅಡಿ ಜಾಗ, ಅರ್ಜಿ ಶುಲ್ಕ 5,000, ತೆರಿಗೆ ಬಿಟ್ಟು ಎಂಆರ್‌ಪಿ ಮೇಲೆ ಶೇ. 20 ಮಾರ್ಜಿನ್. ರಾಯಲ್ಟಿ ಇಲ್ಲ. ಆದರೆ ಔಷಧವೇ ಅಗ್ಗ ಇರೋದರಿಂದ ಶೇ. 20 ಅಂದ್ರೂ ಕೈಗೆ ಬರೋ ರೂಪಾಯಿ ಸಣ್ಣದು, ಜನ ಬಹಳ ಬರೋ ಜಾಗ ಬೇಕು. ಸರ್ಕಾರಿ ಆಸ್ಪತ್ರೆ ಆವರಣದೊಳಗೆ ಜಾಗ ಸಿಕ್ಕರೆ ಬಂಗಾರ ಅಂತ ತಿಳಿದವರಿಗೆ 2025ರಲ್ಲಿ ಪೆಟ್ಟು ಬಿತ್ತು. ಆವರಣದೊಳಗಿನ ಕೇಂದ್ರ ಮುಚ್ಚಿಸೋಕೆ ರಾಜ್ಯ ಸರ್ಕಾರ ಹೊರಟು, ವಿಷಯ ಹೈಕೋರ್ಟಿನ ಧಾರವಾಡ ಪೀಠದ ತನಕ ಹೋಯ್ತು.

ಹಾಲಿನ ಪಾರ್ಲರ್ ಲೆಕ್ಕವನ್ನ ಅಮುಲ್ ತಾನೇ ಬಹಿರಂಗವಾಗಿ ಹಾಕಿರೋದರಿಂದ ಹೋಲಿಸಿ ನೋಡೋಕೆ ಅನುಕೂಲ. ಪ್ಯಾಕೆಟ್ ಹಾಲಿಗೆ ಶೇ. 2.5, ಹಾಲಿನ ಉತ್ಪನ್ನಗಳಿಗೆ ಶೇ. 10, ಐಸ್‌ಕ್ರೀಂಗೆ ಶೇ. 20. ರಾಯಲ್ಟಿ ಇಲ್ಲ. ಲೀಟರ್ ಹಾಲು 60 ರೂಪಾಯಿ ಅಂದ್ರೆ ಸಿಗೋದು ಒಂದೂವರೆ ರೂಪಾಯಿ. ನೂರು ಲೀಟರ್ ಮಾರಿದರೂ ದಿನಕ್ಕೆ 150. ಹಾಲು ಇರೋದು ಗಿರಾಕಿಯನ್ನ ಬಾಗಿಲಿಗೆ ಕರೆತರೋಕೆ, ಲಾಭ ಇರೋದು ಐಸ್‌ಕ್ರೀಂ, ಪೇಡಾದಲ್ಲಿ. ನಂದಿನಿ ಪಾರ್ಲರ್ ಬೇಕಾದವರು ಬೆಳಗಾವಿ ಹಾಲು ಒಕ್ಕೂಟದಲ್ಲಿ ಕೇಳುವಾಗಲೂ ಹೀಗೆ ಒಂದೊಂದು ಮಾಲಿನ ಮಾರ್ಜಿನ್ ಬೇರೆ ಬೇರೆಯಾಗಿ ಕೇಳಬೇಕು. ಒಟ್ಟು ಎಷ್ಟು ಸಿಗ್ತದೆ ಅಂದ್ರೆ ಯಾರೂ ಸರಿ ಉತ್ತರ ಕೊಡಲ್ಲ.

ಕರಾರು ಪತ್ರದಲ್ಲಿ ಏನು ನೋಡಬೇಕು

ನಮ್ಮ ದೇಶದಲ್ಲಿ ಫ್ರಾಂಚೈಸಿಗೆ ಅಂತಲೇ ಬೇರೆ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆ ಇವೇ ಆಧಾರ. ಅಂದ್ರೆ ನೀವು ಸಹಿ ಮಾಡಿದ ಕಾಗದವೇ ಕಾನೂನು. 40 ಪುಟದ ಇಂಗ್ಲಿಷ್ ಕರಾರನ್ನ ಓದದೆ ಸಹಿ ಮಾಡೋರು ಬಹಳ. ಗೋಕಾಕ, ಹುಕ್ಕೇರಿ ಕೋರ್ಟಿನಲ್ಲಿ ವಕೀಲರಿದ್ದಾರೆ, ಕೆಲವು ಸಾವಿರ ಕೊಟ್ಟು ಓದಿಸಿ ಅರ್ಥ ಕೇಳಿ. ಎಂಟು ಲಕ್ಷ ಹಾಕೋ ಮುಂದೆ ಆ ಸಾವಿರ ದೊಡ್ಡದಲ್ಲ.

ಮುಖ್ಯವಾಗಿ ಎಷ್ಟು ವರ್ಷದ ಕರಾರು, ಮುಗಿದ ಮೇಲೆ ಮತ್ತೆ ಶುಲ್ಕ ಕಟ್ಟಬೇಕಾ, ನಡುವೆ ಬಿಟ್ಟರೆ ಡಿಪಾಜಿಟ್ ತಿರುಗಿ ಬರ್ತದಾ, ಮಾಲಿನ ದರ ಏರಿಸೋದು ಯಾರ ಕೈಯಲ್ಲಿದೆ, ಜಗಳ ಬಂದರೆ ಯಾವ ಊರಿನ ಕೋರ್ಟು ಅನ್ನೋದು. ಕೊನೆಯದ್ದನ್ನ ಹಗುರಾಗಿ ತಗೋಬೇಡಿ. 'ದೆಹಲಿ ಕೋರ್ಟಿಗೆ ಮಾತ್ರ ಅಧಿಕಾರ' ಅಂತ ಇದ್ದರೆ ಐವತ್ತು ಸಾವಿರದ ಡಿಪಾಜಿಟ್ಟಿಗಾಗಿ ದೆಹಲಿಗೆ ಓಡಾಡೋರು ಯಾರು?

ಬೇರೆ ಅಂಗಡಿ ಹಾಕಬಾರದು ಅನ್ನೋ ಷರತ್ತೂ ಇರ್ತದೆ. ಕರಾರು ಚಾಲ್ತಿ ಇರೋವಾಗ ಅಂಥ ನಿರ್ಬಂಧ ನಡೀತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಪ್ರಕರಣದಲ್ಲಿ ಹೇಳಿದೆ. ಆದರೆ ಕರಾರು ಮುಗಿದ ಮೇಲೂ ಎರಡು ವರ್ಷ ಚಹಾ ಅಂಗಡಿ ಹಾಕಬಾರದು ಅಂದ್ರೆ ಕರಾರು ಕಾಯ್ದೆಯ 27ನೇ ಕಲಂ ಸಾಮಾನ್ಯವಾಗಿ ಅದಕ್ಕೆ ಅಡ್ಡ ಬರ್ತದೆ. ಅವರ ಹೆಸರು, ಬೋರ್ಡು, ಬಣ್ಣ ಮಾತ್ರ ಬಳಸುವಂತಿಲ್ಲ.

ದೊಡ್ಡವರ ಜಗಳವೇ ಎಷ್ಟು ಎಳೀತದೆ ಅನ್ನೋದಕ್ಕೆ ಮೆಕ್‌ಡೊನಾಲ್ಡ್ಸ್ ಉದಾಹರಣೆ ಇದೆ. ಉತ್ತರ ಮತ್ತು ಪೂರ್ವ ಭಾರತದ ಪಾಲುದಾರ ವಿಕ್ರಮ್ ಬಕ್ಷಿ ಜೊತೆ 2013ರಲ್ಲಿ ಶುರುವಾದ ತಕರಾರು, 2017ರಲ್ಲಿ 169 ಅಂಗಡಿಗಳ ಕರಾರು ರದ್ದು ಮಾಡೋ ತನಕ ಹೋಗಿ, ರಾಜಿ ಆಗಿದ್ದು 2019ರ ಮೇ ತಿಂಗಳಲ್ಲಿ.

ಫೋನಿನಲ್ಲಿ ಬರೋ ಫ್ರಾಂಚೈಸಿ

ದೊಡ್ಡ ಬ್ರ್ಯಾಂಡ್‌ಗಳ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ಮಾಡಿ ನೋಂದಣಿ ಶುಲ್ಕ, ಎನ್‌ಒಸಿ ಶುಲ್ಕ, ಮೆಷಿನ್ ಅಡ್ವಾನ್ಸ್ ಅಂತ ಕಂತು ಕಂತಾಗಿ ಹಣ ಹಾಕಿಸಿಕೊಳ್ಳೋರು ಬಹಳ ಇದ್ದಾರೆ. ಲೆಟರ್‌ಹೆಡ್, ಸೀಲು, ಆಧಾರ್ ಕಾರ್ಡು ಎಲ್ಲಾ ವಾಟ್ಸಪ್ಪಿಗೆ ಕಳಿಸ್ತಾರೆ. ಪೆಟ್ರೋಲ್ ಪಂಪ್, ಗ್ಯಾಸ್ ಏಜೆನ್ಸಿ ಹೆಸರಿನಲ್ಲಂತೂ ಇದು ಹಳೇ ಧಂದೆ. ನಿಜವಾದ ಕಂಪನಿ ಜಾಗ ನೋಡದೆ ಹಣ ಕೇಳಲ್ಲ. ಒಬ್ಬರ ಸ್ವಂತ ಖಾತೆಗೆ ಹಾಕಿ ಅಂದ್ರೆ ಅಲ್ಲಿಗೇ ನಿಲ್ಲಿಸಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರದೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಬೇಕು, ತಡ ಮಾಡಿದಷ್ಟು ಹಣ ಬೇರೆ ಬೇರೆ ಖಾತೆಗೆ ಹರಿದು ಹೋಗ್ತದೆ.

ಇದಕ್ಕಿಂತ ಸೂಕ್ಷ್ಮ ಇನ್ನೊಂದಿದೆ. 'ನೀವು ರೊಕ್ಕ ಹಾಕಿ ಸಾಕು, ಅಂಗಡಿ ನಾವೇ ನಡೆಸ್ತೀವಿ, ತಿಂಗಳಿಗೆ ಇಷ್ಟು ಗ್ಯಾರಂಟಿ' ಅನ್ನೋದು. ಇದಕ್ಕೆ ಫೋಕೋ ಮಾಡೆಲ್ ಅಂತಾರೆ. ಸರಿಯಾದ ಕಂಪನಿಗಳಲ್ಲೂ ಈ ಪದ್ಧತಿ ಇದೆ. ಆದರೆ ಅಂಗಡಿ ಓಡಿದರೂ ಓಡದಿದ್ದರೂ ಗ್ಯಾರಂಟಿ ಲಾಭ ಕೊಡ್ತೀವಿ ಅಂದ್ರೆ ಆ ರೊಕ್ಕ ಎಲ್ಲಿಂದ ಬರ್ತದೆ ಅಂತ ಕೇಳಬೇಕು. ಹೊಸಬರು ಕಟ್ಟಿದ ಶುಲ್ಕದಿಂದಲೇ ಹಳಬರಿಗೆ ಕೊಡೋದಾದರೆ ಅದು ವ್ಯಾಪಾರ ಅಲ್ಲ, ಚೈನು.

ಪರೀಕ್ಷೆ ಮಾಡೋಕೆ ಒಂದು ಸರಳ ದಾರಿ: ಕಂಪನಿಯ ಈಗಿನ ಫ್ರಾಂಚೈಸಿಗಳ ಪಟ್ಟಿ ಕೇಳಿ, ಅವರು ತೋರಿಸಿದ ಅಂಗಡಿ ಬಿಟ್ಟು ಪಟ್ಟಿಯಲ್ಲಿರೋ ಬೇರೆ ಎರಡಕ್ಕೆ ಹೋಗಿ. ಬೆಳಗಾವಿ, ನಿಪ್ಪಾಣಿ, ಹುಬ್ಬಳ್ಳಿ ಏನು ದೂರ ಅಲ್ಲ. ಮುಚ್ಚಿದ ಅಂಗಡಿ ಎಷ್ಟು ಅಂತಲೂ ಕೇಳಿ. ಉತ್ತರ ಕೊಡಲ್ಲ ಅಂದ್ರೆ ಅದೇ ಉತ್ತರ.

ಫ್ರಾಂಚೈಸಿ ತಗೊಳ್ಳೋದಷ್ಟೇ ಅಲ್ಲ, ಕೊಡಲೂಬಹುದು

ಇಷ್ಟೆಲ್ಲ ಹೊರಗಿನ ಹೆಸರಿನ ಮಾತಾಯ್ತು. ಗೋಕಾಕದ ಹೆಸರು ರಾಜ್ಯ ತುಂಬಾ ಗೊತ್ತಿರೋದು ಜಲಪಾತದಿಂದ, ಆಮೇಲೆ ಕರದಂಟಿನಿಂದ. ಅಂಟನ್ನ ತುಪ್ಪದಲ್ಲಿ ಕರಿದು, ಒಣ ಹಣ್ಣು, ಬೆಲ್ಲ ಸೇರಿಸಿ ಮಾಡೋ ಈ ತಿನಿಸಿಗೆ ಬಾಗಲಕೋಟೆ ಜಿಲ್ಲೆಯ ಅಮೀನಗಡದ್ದೂ ದೊಡ್ಡ ಹೆಸರು. ಬೆಂಗಳೂರು, ಪುಣೆಯಲ್ಲಿ ನೆಲೆಸಿದ ಇಲ್ಲಿನವರು ಊರಿಗೆ ಬಂದಾಗ ಕಿಲೋಗಟ್ಟಲೆ ಕಟ್ಟಿಸಿಕೊಂಡು ಹೋಗ್ತಾರೆ. ಅಂದ್ರೆ ಆ ಊರುಗಳಲ್ಲಿ ಗಿರಾಕಿ ತಯಾರಿದ್ದಾನೆ.

ಆದರೆ 'ಗೋಕಾಕ ಕರದಂಟು' ಅನ್ನೋ ಹೆಸರನ್ನ ಯಾರೂ ಒಬ್ಬರೇ ತಮ್ಮದು ಅಂತ ನೋಂದಾಯಿಸಿಕೊಳ್ಳೋದು ಕಷ್ಟ. ಊರಿನ ಹೆಸರು, ಮಾಲಿನ ಹೆಸರು ಅಷ್ಟೇ ಇದ್ದರೆ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಅಡ್ಡಿ ಬರ್ತದೆ. ಅಂಗಡಿಗೆ ಒಂದು ಸ್ವಂತ ಹೆಸರು, ಗುರುತು ಇರಬೇಕು. ತಿನಿಸಿಗೆ 30ನೇ ವರ್ಗದಲ್ಲಿ ಅರ್ಜಿ, ಸಣ್ಣ ವ್ಯಾಪಾರಿಗೆ ಆನ್‌ಲೈನ್ ಶುಲ್ಕ 4,500 ರೂಪಾಯಿ, ನೋಂದಣಿ ಆದರೆ 10 ವರ್ಷ, ಆಮೇಲೆ ನವೀಕರಣ. ಬೋರ್ಡಿಗೆ ಎಲ್‌ಇಡಿ ಹಾಕಿಸೋ ಖರ್ಚಿಗಿಂತ ಕಡಿಮೆ. ಮೂರು ತಲೆಮಾರಿಂದ ಅಂಗಡಿ ನಡೆಸ್ತಿದ್ದರೂ ಈ ಕಾಗದ ಇಲ್ಲದಿದ್ದರೆ ಬೇರೆ ಊರಿನಲ್ಲಿ ಯಾರಾದರೂ ಅದೇ ಹೆಸರು ಹಾಕಿಕೊಂಡಾಗ ತಡೆಯೋದು ಕಷ್ಟ, ಫ್ರಾಂಚೈಸಿ ಕೊಡೋದಂತೂ ದೂರದ ಮಾತು.

ಯಂತ್ರ, ಪ್ಯಾಕಿಂಗ್‌ಗೆ ಬಂಡವಾಳ ಬೇಕಾದವರಿಗೆ ಪಿಎಂಎಫ್‌ಎಂಇ ಯೋಜನೆ ಇದೆ. ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಶೇ. 35ಕ್ಕೆ ರಾಜ್ಯದ ಶೇ. 15 ಸೇರಿ ಅರ್ಧದಷ್ಟು ಸಹಾಯಧನ, ಗರಿಷ್ಠ 15 ಲಕ್ಷ. ಕೃಷಿ ಇಲಾಖೆ ಕಚೇರಿಯಲ್ಲಿ ಈ ಬಗ್ಗೆ ವಿಚಾರಿಸಬಹುದು, ಉಳಿದ ಸಾಲ-ಸಹಾಯಧನಗಳಿಗೆ ಬೆಳಗಾವಿಯ ಜಿಲ್ಲಾ ಕೈಗಾರಿಕಾ ಕೇಂದ್ರ. ಅಂಚೆ ಫ್ರಾಂಚೈಸಿಗೆ ಗೋಕಾಕದ ಅಂಚೆ ವಿಭಾಗೀಯ ಕಚೇರಿಯಲ್ಲಿ ಅರ್ಜಿ ಕೇಳಬೇಕು. ಹೋಗುವಾಗ ಆಧಾರ್, ಪ್ಯಾನ್, ಮಳಿಗೆಯ ಬಾಡಿಗೆ ಕರಾರು, ಮಾರ್ಕ್ಸ್ ಕಾರ್ಡಿನ ಝೆರಾಕ್ಸ್ ಎರಡೆರಡು ಪ್ರತಿ ಇಟ್ಟುಕೊಳ್ಳಿ.